ಲಾಬಿಯಲ್ಲಿ ಕೂತ ಮದುಮಗಳು

ವಿಜಯಪುರದಿಂದ ಫೋನ್ ಮಾಡಿದವಳು ಮದುಮಗಳಲ್ಲ, ಮದುಮಗಳ ಗೆಳತಿ. ಮದುವೆಗೆ ಮುಂಚಿನ ಕೊನೆಯ ಶನಿವಾರ, ಭಾನುವಾರ ನಾವು ಐದು ಮಂದಿ ಹೈದರಾಬಾದಿನಲ್ಲಿ ಒಟ್ಟಿಗೆ ಇರಬೇಕು, ಎಲ್ಲ ವ್ಯವಸ್ಥೆ ನೀವೇ ನೋಡಿಕೊಳ್ಳಬೇಕು ಎಂದಳು. ಇಂಥ ಕೂಟಕ್ಕೆ ಈಗ ಬ್ಯಾಚಲರೆಟ್ ಎಂಬ ಹೆಸರು ಬಂದಿದೆ. ಹೆಸರು ಕೇಳಿದರೆ ಸಾಕು, ಹಿರಿಯರ ಹುಬ್ಬು ಮೇಲೇರುತ್ತದೆ. ಇದೇ ಹೈದರಾಬಾದಿನ ಕೂಕಟ್‌ಪಲ್ಲಿಯ ನನ್ನ ಫ್ಲ್ಯಾಟಿನ ಊಟದ ಮೇಜೇ ನನ್ನ ಆಫೀಸು. ಬಸುರಿಯರ ಕುಬಸ, ತೊಟ್ಟಿಲು, ಹೆಂಗಸರ ತಂಡಗಳ ಪ್ರವಾಸ ಮಾಡಿಸುತ್ತಿದ್ದವಳು ನಾನು. ಈ ಹೊಸ ಹೆಸರಿನ ಕೆಲಸಗಳು ಬರತೊಡಗಿದ ಮೇಲೆ ಅವುಗಳಲ್ಲಿ ಹುಬ್ಬೇರಿಸುವಂಥದ್ದು ಏನೂ ಇಲ್ಲವೆಂದು ಕಂಡುಕೊಂಡಿದ್ದೆ. ನಾನು ಮಾಡಿಸಿದ ಕೂಟಗಳಲ್ಲಿ ಹೆಚ್ಚಿನವು ಹರಟೆ, ನಗು, ಒಂದಿಷ್ಟು ಅಳು, ಆಮೇಲೆ ಹೊತ್ತೇರುವ ತನಕ ನಿದ್ದೆ, ಇಷ್ಟರಲ್ಲೇ ಮುಗಿದಿವೆ.

ಮದುಮಗಳನ್ನು ನಾನು ಮೊದಲು ಕಂಡದ್ದು ಆಕೆ ಕೆಲಸ ಮಾಡುವ ಲ್ಯಾಬಿನ ಎದುರಿನ ಚಹಾದಂಗಡಿಯಲ್ಲಿ. ರಕ್ತಪರೀಕ್ಷೆಯ ಟೆಕ್ನಿಶಿಯನ್, ವಯಸ್ಸು ಮೂವತ್ತು ದಾಟಿತ್ತು. ಇಂಡಿ ಕಡೆಯ ಮನೆತನ. ತಂದೆ ಬಟ್ಟೆ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆಸಿದವರು. ಆಕೆ ಹುಟ್ಟಿದ್ದು, ಶಾಲೆ ಕಲಿತದ್ದು ಎಲ್ಲ ಈ ಊರಿನಲ್ಲೇ. ಟೆಕ್ನಿಶಿಯನ್ ಕೋರ್ಸಿಗೆ ಮಾತ್ರ ವಿಜಯಪುರದ ಸೋದರಮಾವನ ಮನೆಯಲ್ಲಿದ್ದಳು, ನಾಲ್ವರು ಗೆಳತಿಯರು ಸಿಕ್ಕಿದ್ದು ಅಲ್ಲಿ. ಕೋರ್ಸು ಮುಗಿಯುವ ಹೊತ್ತಿಗೆ ತಾಯಿ ತೀರಿಕೊಂಡರು. ಅಂದಿನಿಂದ ತಂದೆಗೂ ಇಬ್ಬರು ತಮ್ಮಂದಿರಿಗೂ ರೊಟ್ಟಿ ಬಡಿದಿಟ್ಟು, ಡಬ್ಬಿ ಕಟ್ಟಿ, ಆಮೇಲೆ ಲ್ಯಾಬಿಗೆ ಓಡುವವಳು ಇವಳೇ. ಮದುವೆಯಾದ ಮೇಲೆ ಹೋಗಬೇಕಾದದ್ದು ಸೊಲ್ಲಾಪುರದ ಒಂದು ತುಂಬಿದ ಮನೆಗೆ. ಒಂದು ಅಡುಗೆಮನೆ ಬಿಟ್ಟು ಇನ್ನೊಂದು ಅಡುಗೆಮನೆ ಸೇರುವುದರ ನಡುವೆ ಆಕೆಗೆ ಸಿಕ್ಕ ಬಿಡುವು ಈ ಎರಡು ದಿನ.

ಏನೇನು ಬೇಕು ಎಂದು ಕೇಳಿದೆ. ಸಾಮಾನ್ಯವಾಗಿ ಈ ಪ್ರಶ್ನೆಗೆ ನನಗೆ ಫೋನಿನಲ್ಲಿ ಮೂವತ್ತು ಫೋಟೋ ತೋರಿಸುತ್ತಾರೆ. ಈಕೆ ಲೋಟ ಕೆಳಗಿಟ್ಟು, "ಎರಡ ದಿನ ಯಾರೂ ನನಗ ಅದು ಎಲ್ಲೈತಿ, ಇದು ಎಲ್ಲೈತಿ ಅಂತ ಕೇಳಬಾರದ್ರಿ ಅಕ್ಕಾ. ಅಷ್ಟ ಸಾಕು" ಎಂದಳು. ಆಮೇಲೆ ತುಸು ತಡೆದು, ಕಿಟಕಿಯಿಂದ ಹುಸೇನ್ ಸಾಗರ ಕಾಣುವಂಥ ಕೋಣೆ ಸಿಕ್ಕರೆ ಚೆನ್ನಾಗಿರುತ್ತದೆ ಎಂದೂ ಸೇರಿಸಿದಳು. ಇಷ್ಟು ವರ್ಷ ಇದೇ ಊರಲ್ಲಿದ್ದರೂ ಆ ನೀರನ್ನು ಆಕೆ ನೋಡಿದ್ದು ಬಸ್ಸಿನಿಂದ ಮಾತ್ರವಂತೆ.

ಮನೆಯಲ್ಲಿ ಒಪ್ಪಿದ್ದಾರೆಯೇ ಎಂದು ಕೇಳುವುದು ನನ್ನ ರೂಢಿ. ಆಕೆ ಒಪ್ಪಿಗೆಯ ಮಾತೇ ಎತ್ತಲಿಲ್ಲ. "ಇಷ್ಟ ದಿನಾ ಎಲ್ಲಾದಕ್ಕೂ ಅಪ್ಪಾಜೀನ ಕೇಳೀನ್ರಿ. ಈ ಸಲ ಕೇಳಿಲ್ಲ, ಹೇಳೀನಿ." ತಂದೆ ಪೇಪರು ಮಡಚಿಟ್ಟು ಎದ್ದುಹೋದರಂತೆ. ಬೇಡ ಎನ್ನಲಿಲ್ಲವಾದ್ದರಿಂದ ಅದನ್ನೇ ಗೆಲುವೆಂದು ಆಕೆ ಎಣಿಸಿದ್ದಳು, ನಾನೂ ಹಾಗೇ ಎಣಿಸಿದೆ.

ಹೆಂಗಸರ ತಂಡಕ್ಕೆ ಹೋಟೆಲು ಹುಡುಕುವುದೆಂದರೆ ಫೋಟೋ ನೋಡಿ ಬುಕ್ ಮಾಡುವುದಲ್ಲ. ನಾನು ಖುದ್ದಾಗಿ ಹೋಗಿ ನೋಡುತ್ತೇನೆ. ಲಿಫ್ಟಿಗೆ ಹೋಗುವ ದಾರಿ ಬಾರಿನ ಮುಂದಿನಿಂದ ಹಾಯಬಾರದು. ಕೋಣೆಗಳು ಅಕ್ಕಪಕ್ಕ ಇರಬೇಕು, ನಡುವಿನ ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು. ಒಳಚಿಲಕ ಹಾಕಿ, ಎಳೆದು ನೋಡುತ್ತೇನೆ. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು ಕಾಯುತ್ತೇನೆ. ರಾತ್ರಿ ಪಾಳಿಯಲ್ಲಿ ಒಬ್ಬ ಹೆಂಗಸಾದರೂ ಕೆಲಸದ ಮೇಲಿರುತ್ತಾಳೆಯೇ ಎಂದು ಕೇಳುತ್ತೇನೆ. ಹೀಗೆ ಐದಾರು ಕಡೆ ಅಲೆದು, ಹುಸೇನ್ ಸಾಗರದ ಹತ್ತಿರದ ಒಂದು ಹೋಟೆಲನ್ನು ಆರಿಸಿದೆ. ಕಿಟಕಿಯಲ್ಲಿ ನೀರು ಕಾಣುತ್ತಿತ್ತು, ಪರದೆ ಪೂರ್ತಿ ಸರಿಯುತ್ತಿತ್ತು. ಮದುಮಗಳು ಇದೇ ಊರವಳು, ಗೆಳತಿಯರು ಹೊರಗಿನಿಂದ ಬರುತ್ತಾರೆ ಎಂದು ಬುಕಿಂಗಿನವನಿಗೆ ಬಾಯಲ್ಲೂ ಹೇಳಿದೆ, ಮೆಸೇಜೂ ಕಳಿಸಿದೆ. ಏನೂ ತೊಂದರೆಯಿಲ್ಲ ಮೇಡಂ ಎಂದು ಆತ ಕೈಮುಗಿದ ಚಿತ್ರ ಕಳಿಸಿದ.

ಅಲಂಕಾರದವನ ಜೊತೆ ಒಂದು ಸುತ್ತು ಜಗಳವೂ ಆಯಿತು. ಬಲೂನಿನ ಕಮಾನು, ಮಿರುಗುವ ಪಟ್ಟಿ, ಗೋಡೆಗೆ 'ಸ್ವಾತಂತ್ರ್ಯದ ಕೊನೆಯ ರಾತ್ರಿ' ಎಂಬ ಬರಹ, ಇದಿಷ್ಟಿಲ್ಲದೆ ಬ್ಯಾಚಲರೆಟ್ ಆಗುವುದೇ ಇಲ್ಲ ಎಂಬುದು ಅವನ ವಾದ. ಮದುಮಗಳಿಗೆ ತೋರಿಸಿದರೆ, ನಾನೇನು ಜೇಲಿಗೆ ಹೊರಟಿದ್ದೇನೆಯೇ ಎಂದು ನಕ್ಕಳು. ಕಮಾನು ಹೋಯಿತು, ಮಲ್ಲಿಗೆ ಮಾಲೆ ಉಳಿಯಿತು. ಶನಿವಾರ ಮಧ್ಯಾಹ್ನ ಕೋಣೆಯಲ್ಲೇ ಮೆಹಂದಿ, ಸಂಜೆ ಹುಸೇನ್ ಸಾಗರದ ಏರಿ ಟ್ಯಾಂಕ್‌ಬಂಡ್ ಮೇಲೆ ಓಡಾಟ, ಭಾನುವಾರ ಚಾರ್‌ಮಿನಾರಿನ ಬಳೆ ಬಜಾರು, ಸೋಮವಾರ ಬೆಳಿಗ್ಗೆ ಮನೆ. ಸೋಮವಾರ ಸಂಜೆ ಅರಿಷಿಣ. ಅರಿಷಿಣ ಹಚ್ಚಿದ ಮೇಲೆ ಮದುಮಗಳು ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಈ ಎರಡು ದಿನ ತಪ್ಪಿದರೆ ಮತ್ತೆ ಇರಲಿಲ್ಲ.

ಹೋಟೆಲಿಗೆ ಬೇಕಾದ ಆಧಾರ್ ಕಾರ್ಡುಗಳನ್ನು ಮೊದಲೇ ತರಿಸಿ ಕಳಿಸಿದೆ. ಎರಡು ವಿಜಯಪುರದವು, ಒಂದು ಸೊಲ್ಲಾಪುರದ್ದು, ಒಂದು ಬೆಂಗಳೂರಿನದು. ಮದುಮಗಳ ಕಾರ್ಡು ಕೇಳುವುದು ನನ್ನ ತಲೆಗೇ ಬರಲಿಲ್ಲ. ನಮ್ಮ ಜನರ ಲೆಕ್ಕವೇ ಹಾಗೆ: ಊರವಳು ಎಂದರೆ ಆಕೆ ಮನೆಯಾಕೆ, ಬರುವವರು ಬೀಗರು, ವಿವರ ಕೇಳುವುದು ಬೀಗರದ್ದು. ಹೋಟೆಲಿನವರ ಲೆಕ್ಕ ಇದಕ್ಕೆ ಪೂರಾ ಉಲ್ಟಾ ಎಂಬುದು ನನಗೆ ಗೊತ್ತಾದದ್ದು ಶನಿವಾರ.

ಆ ದಿನ ಬೆಳಿಗ್ಗೆ ಎಲ್ಲವೂ ಸರಾಗವಾಗಿ ನಡೆಯಿತು. ಬೆಂಗಳೂರಿನವಳನ್ನು ಕಾಚಿಗೂಡ ಸ್ಟೇಷನ್ನಿನಲ್ಲಿ, ಉಳಿದ ಮೂವರನ್ನು ಸಿಕಂದರಾಬಾದಿನಲ್ಲಿ ಹತ್ತಿಸಿಕೊಂಡು, ಕೊನೆಗೆ ಮದುಮಗಳನ್ನು ಆಕೆಯ ಮನೆಯ ತಿರುವಿನಲ್ಲಿ ಹತ್ತಿಸಿಕೊಂಡೆವು. ಟೆಂಪೋ ಟ್ರಾವೆಲರಿನ ಡ್ರೈವರು ಯಾದಗಿರಿ ಕಡೆಯವನು, ಆ ದಿನವೇ ಮೊದಲ ಸಲ ನನ್ನ ಕೆಲಸಕ್ಕೆ ಬಂದಿದ್ದ. ಗಾಡಿಯೊಳಗಿನ ಗದ್ದಲಕ್ಕೆ ಅವನೂ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ಗೆಳತಿಯರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಕಟ್ಟಿಕೊಂಡು ಬಂದಿದ್ದರು. ಮದುಮಗಳ ಕೈಗೆ ಚೀಲ ಹಿಡಿಯಲೂ ಯಾರೂ ಕೊಡಲಿಲ್ಲ.

ಹೋಟೆಲಿನ ಕೌಂಟರಿನಲ್ಲಿ ನಾಲ್ಕು ಕಾರ್ಡುಗಳ ಝೆರಾಕ್ಸ್ ಆದವು. ಐದನೆಯದನ್ನು ಆ ಹುಡುಗಿ ತಿರುಗಿಸಿ ಹಿಂದುಗಡೆಯ ವಿಳಾಸ ಓದಿ, ಒಳಗೆ ತೆಗೆದುಕೊಂಡು ಹೋದಳು. ಹೊರಗೆ ಬಂದವನು ಮ್ಯಾನೇಜರ್. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ನಗು. ಕಾರ್ಡನ್ನು ಕೌಂಟರಿನ ಮೇಲೆ ನನ್ನ ಕಡೆಗೆ ಸರಿಸಿ, ಲೋಕಲ್ ಐಡಿ ನಡೆಯುವುದಿಲ್ಲ ಮೇಡಂ ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಕಾರ್ಡು ಸರಿಯಿಲ್ಲವೇ ಎಂದು ಕೇಳಿದೆ. ಸರಿಯಿದೆ. ಫೋಟೋ ಬೇರೆಯೇ? ಅಲ್ಲ. ವಿಳಾಸ ಹೈದರಾಬಾದಿನದು, ಅದೇ ತಕರಾರು. ಊರಿನಲ್ಲೇ ಮನೆ ಇರುವ ಮದುವೆಯಾಗದ ಹೆಣ್ಣುಮಗಳಿಗೆ ಹೋಟೆಲಿನ ಕೋಣೆ ಯಾಕೆ ಬೇಕು ಎಂಬುದು ಅವನು ಬಾಯಿಬಿಟ್ಟು ಕೇಳದ ಪ್ರಶ್ನೆ. ಕೇಳದಿದ್ದರೂ ಅವನ ಕಣ್ಣು ಐದೂ ಜನರನ್ನು ಮೇಲಿನಿಂದ ಕೆಳಗೆ ಅಳೆದು ಆ ಪ್ರಶ್ನೆಯನ್ನು ಕೇಳಿಬಿಟ್ಟಿತ್ತು. ಉಳಿದ ನಾಲ್ವರು ಧಾರಾಳವಾಗಿ ಇರಬಹುದಂತೆ. ಮದುಮಗಳು ರಾತ್ರಿ ಎಂಟರ ತನಕ ಅತಿಥಿಯಾಗಿ ಕೂತು, ಆಮೇಲೆ ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಮತ್ತೆ ಬರಬಹುದಂತೆ. ಮದುಮಗಳಿಲ್ಲದೆ ಮದುಮಗಳ ಕೂಟ.

ನನ್ನ ಪಿತ್ತ ನೆತ್ತಿಗೇರಿತು. ಇದು ಯಾವ ಕಾನೂನು, ಆದೇಶ ತೋರಿಸಿ ಎಂದೆ. ಪೊಲೀಸರ ಆದೇಶ ಎಂದ. ಕಾಗದ ತೋರಿಸಿ ಎಂದೆ. ಕಾಗದ ಇಲ್ಲ, ಮೇಲಿನವರು ಬಾಯಲ್ಲಿ ಹೇಳಿದ್ದು ಎಂದ. ಹಾಗಾದರೆ ನೀವೇ ಒಂದು ಹಾಳೆಯ ಮೇಲೆ ಬರೆದುಕೊಡಿ, ಇಂಥ ಕಾರಣಕ್ಕೆ ಈ ಊರಿನ ಹೆಣ್ಣುಮಗಳಿಗೆ ಕೋಣೆ ಕೊಡುವುದಿಲ್ಲ ಎಂದು ಬರೆದು ಸಹಿ ಹಾಕಿ ಎಂದೆ. ಬರೆದುಕೊಡುವುದು ಪದ್ಧತಿಯಲ್ಲ ಎಂದ. ನಿಮ್ಮ ಬುಕಿಂಗಿನವನೇ ಒಪ್ಪಿದ್ದಾನೆ, ಮೆಸೇಜು ಇಲ್ಲಿದೆ ನೋಡಿ ಎಂದರೆ, ಅವನು ಕೆಲಸ ಬಿಟ್ಟ ಎಂದು ಕೈತೊಳೆದುಕೊಂಡ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಕೆಲವು ತಿಂಗಳ ಹಿಂದೆ ಇದೇ ಹೋಟೆಲಿನಲ್ಲಿ ಒಬ್ಬ ಮದುಮಗ ತನ್ನ ಗೆಳೆಯರನ್ನು ಕರೆದು ಕೂಟ ಮಾಡಿದ್ದು ನನಗೆ ಗೊತ್ತಿತ್ತು. ಅವನ ಅಕ್ಕನ ಕುಬಸ ನಾನೇ ಮಾಡಿಸಿದ್ದೆ. ಎಲ್ಲರೂ ಇದೇ ಊರಿನ ಹುಡುಗರು. ಕನ್ನಡಿ ಒಡೆದರು, ಈಜುಕೊಳಕ್ಕೆ ಕುರ್ಚಿ ಎಸೆದರು ಎಂದು ಆ ಅಕ್ಕನೇ ನಗುತ್ತ ಹೇಳಿದ್ದಳು. ಅವರನ್ನು ಯಾರೂ ನಿಮ್ಮ ಮನೆ ಎಲ್ಲಿದೆ ಎಂದು ಕೇಳಿರಲಿಲ್ಲ. ಇದನ್ನು ಮ್ಯಾನೇಜರಿಗೆ ನೆನಪಿಸಿದರೆ, ಜೆಂಟ್ಸ್ ವಿಷಯ ಬೇರೆ ಮೇಡಂ ಎಂದ, ನನಗೇ ಬುದ್ಧಿ ಸಾಲದೆಂಬಂತೆ.

ಐವರನ್ನೂ ಲಾಬಿಯ ಸೋಫಾಗಳ ಮೇಲೆ ಕೂರಿಸಿ ನಾನು ಬೇರೆ ಹೋಟೆಲುಗಳಿಗೆ ಫೋನ್ ಹಚ್ಚಿದೆ. ಒಂದು ಕಡೆ ಲೋಕಲ್ ಐಡಿ ಎನ್ನುತ್ತಲೇ ಫೋನ್ ಇಟ್ಟರು. ಒಂದು ಕಡೆ ಗಂಡನ ಜೊತೆ ಬಂದರೆ ಸರಿ ಎಂದರು. ಇನ್ನೊಂದು ಕಡೆ ಕೋಣೆ ಕೊಡುತ್ತೇವೆ, ಆದರೆ ಮದುವೆಯ ಕರೆಯೋಲೆ ತೋರಿಸಿ ಎಂದರು. ಕರೆಯೋಲೆ ತೋರಿಸಿ ಮಲಗಬೇಕಾದ ಕೋಣೆ ಎಂಥದ್ದೋ ನನಗೆ ತಿಳಿಯಲಿಲ್ಲ. ಯಾವಾಗಲೂ ನನ್ನ ತಂಡಗಳು ಹೊರಗಿನಿಂದ ಬರುತ್ತಿದ್ದುದರಿಂದ ಈ ಬಾಗಿಲು ನನಗೆ ಇದುವರೆಗೆ ತೆರೆದೇ ಕಂಡಿತ್ತು. ಈಗೀಗ ಹೊಸ ಹೋಟೆಲಿಗೆ ಹೋದರೆ ಬಿಸಿನೀರಿಗಿಂತ ಮೊದಲು ಇದನ್ನೇ ಕೇಳುತ್ತೇನೆ.

ಮೊದಲು ನನಗೆ ಫೋನ್ ಮಾಡಿದ್ದ ವಿಜಯಪುರದ ಗೆಳತಿಗೆ ಸುಮ್ಮನೆ ಕೂರಲಾಗಲಿಲ್ಲ. ಕೌಂಟರಿಗೆ ಹೋಗಿ ತನ್ನ ಅರೆಬರೆ ಹಿಂದಿಯಲ್ಲಿ, ಗುರುವಾರ ಮದುವೆಯಾಗುತ್ತದೆ, ಶುಕ್ರವಾರ ಇದೇ ಕಾರ್ಡು ಹಿಡಿದುಕೊಂಡು ಇವಳು ಬಂದರೆ ಕೋಣೆ ಕೊಡುತ್ತೀರಾ ಎಂದು ಕೇಳಿದಳು. ಮ್ಯಾನೇಜರಿನ ಮುಖ ಅರಳಿತು. ಯಾಕಿಲ್ಲ, ಗಂಡನ ಜೊತೆ ಬಂದರೆ ಹಾಸಿಗೆಗೆ ಗುಲಾಬಿ ಪಕಳೆಯ ಅಲಂಕಾರ ನಮ್ಮ ಕಡೆಯಿಂದಲೇ ಎಂದ. ಅವನು ಅದನ್ನು ಔದಾರ್ಯದಿಂದಲೇ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಅವನೇ ಒಂದು ದಾರಿ ತೋರಿಸಿದ. ತಂದೆಗೆ ಫೋನ್ ಮಾಡಿಸಿ, ಅವರು ನನ್ನ ಜೊತೆ ಎರಡು ಮಾತಾಡಿ ಒಪ್ಪಿದರೆ ಸಾಕು ಎಂದ. ಇದರಿಂದ ಕೆಲಸ ಮುಗಿಯುತ್ತಿತ್ತು. ತಂದೆ ಸಿಡುಕಿನವರಾದರೂ ಇಲ್ಲವೆನ್ನುತ್ತಿರಲಿಲ್ಲ. ಬಂದು ಮದುಮಗಳಿಗೆ ಹೇಳಿದೆ. ಆಕೆ ತನ್ನ ಕಾರ್ಡನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

"ಅಪ್ಪಾಜಿ ಹೂಂ ಅಂತಾರ್ರಿ, ನನಗ ಗೊತ್ತೈತಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ನಾ ಹೇಳಿ ಬಂದೀನಿ. ಈಗ ಫೋನ್ ಹಚ್ಚಿದ್ರ ಕೇಳಿದಂಗ ಆಗ್ತೈತಿ."

ಬೇಕಾದರೆ ಮನೆಗೆ ಹೋಗುತ್ತೇನೆ, ಫೋನು ಮಾತ್ರ ಮಾಡಬೇಡಿ ಎಂದಳು. ಮನೆಗೆ ಹೋಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆಗಲೇ ಅಲ್ಲಿಗೆ ಬೀಗರು ನೆಂಟರು ಇಳಿಯತೊಡಗಿದ್ದರು. ಒಳಗೆ ಕಾಲಿಟ್ಟ ಗಳಿಗೆಯಿಂದ ಹಾಸಿಗೆ ಎಲ್ಲಿ, ಹಾಲು ಎಲ್ಲಿ, ಚಾದರ ಎಲ್ಲಿ ಎಂದು ಗುರುವಾರದ ತನಕ ಕೇಳುತ್ತಲೇ ಇರುತ್ತಿದ್ದರು. ಹೋಟೆಲಿನವರು ಹೊರಗೆ ಹಾಕಿದರಂತೆ ಎಂಬ ಮಾತು ಅದರ ಮೇಲೆ ಬೇರೆ.

ಮತ್ತೆ ಕೌಂಟರಿಗೆ ಹೋಗಿ, ತಂದೆಗೆ ಮಾಡುವುದಿಲ್ಲ, ಬೇರೆ ಏನಾದರೂ ಹೇಳಿ ಎಂದೆ. ಅವನು ತಲೆ ಕೆರೆದುಕೊಂಡು ಬಾಗಿಲಿನ ಕಡೆ ನೋಡಿದ. ಅಲ್ಲಿ ನಮ್ಮ ಡ್ರೈವರು ಚೀಲಗಳನ್ನು ಇಳಿಸಿಟ್ಟು ನಿಂತಿದ್ದ. "ಕೋಯೀ ಜೆಂಟ್ಸ್ ಹೋನಾ ಮೇಡಂ" ಎಂದ ಮ್ಯಾನೇಜರ್, ಯಾರಾದರೂ ಒಬ್ಬ ಗಂಡಸಿದ್ದರಾಯಿತು. ಡ್ರೈವರನ ಲೈಸೆನ್ಸಿನ ಝೆರಾಕ್ಸ್ ತೆಗೆದು, ಅಣ್ಣ ಎಂದು ಬರೆಸಿ, ಅವನ ಸಹಿ ಹಾಕಿಸಿದರೆ ತನ್ನ ಕಡೆಯಿಂದ ಅಡ್ಡಿಯಿಲ್ಲವಂತೆ. ಮೇಲಿನವರ ಆದೇಶ, ಪೊಲೀಸರ ಆದೇಶ, ಎಲ್ಲಕ್ಕೂ ಒಬ್ಬ ಗಂಡಸಿನ ಲೈಸೆನ್ಸು ಸಾಕಾಗಿತ್ತು.

ನಾನು ಅದಕ್ಕೂ ಒಪ್ಪಿದೆ. ಈ ಕೆಲಸದಲ್ಲಿ ಇರುವವರಿಗೆ ಕೋಣೆಯ ಕೀಲಿ ಕೈಗೆ ಬರುವುದು ಮುಖ್ಯ, ನ್ಯಾಯ ಆಮೇಲೆ. ಡ್ರೈವರನ್ನು ಒಳಗೆ ಕರೆದು, ಇಂತಿಂಥದ್ದು, ಒಂದು ಸಹಿ ಎಂದೆ. ಪಾಪ, ಚಪ್ಪಲಿ ಹೊರಗೆ ಬಿಟ್ಟು ಬಂದು, ರಿಜಿಸ್ಟರಿನ ಮುಂದೆ ಬಗ್ಗಿ, ಕೊಟ್ಟ ಪೆನ್ನು ಹಿಡಿದುಕೊಂಡ. ತನ್ನ ಹೆಸರು ಬರೆದ. ಸಂಬಂಧ ಎಂದಿದ್ದ ಕಡೆ ಅಣ್ಣ ಎಂದು ಬರೆದ. ಮುಂದಿನ ಖಾನೆಗೆ ಬಂದು ನಿಂತುಬಿಟ್ಟ. ನನ್ನ ಕಡೆ ತಿರುಗಿ ಸಂಕೋಚದಿಂದ ಕೇಳಿದ.

"ಇವರ ಹೆಸರ ಏನಂತ ಬರೀಲ್ರಿ ಅಕ್ಕಾರ?"

ಮದುಮಗಳು ನನ್ನ ಹಿಂದೆಯೇ ಬಂದು ನಿಂತಿದ್ದಳು. ಅವನ ಕೈಯಿಂದ ಪೆನ್ನು ಮೆಲ್ಲಗೆ ತೆಗೆದುಕೊಂಡು ಕೌಂಟರಿನ ಮೇಲಿಟ್ಟಳು. ನೀವು ಹೋಗಿ ಊಟ ಮಾಡಿ ಅಣ್ಣಾ ಎಂದು ಅವನನ್ನು ಕಳಿಸಿದಳು. ಆಮೇಲೆ ನನ್ನನ್ನು ನೋಡಿ, ದನಿ ಏರಿಸದೆ, "ನನ್ನ ಹೆಸರ ಗೊತ್ತಿಲ್ಲದವರ ಸಹಿ ನಡೀತೈತಿ, ನಂದು ನಡ್ಯಾಂಗಿಲ್ಲ. ಅಕ್ಕಾ, ನೀವೂ ಇದಕ್ಕ ಹೂಂ ಅಂದ್ರೇನು?" ಎಂದಳು.

ಮ್ಯಾನೇಜರಿನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಆ ಗಳಿಗೆ ನನ್ನ ಮೇಲೆ ತಿರುಗಿತು. ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಬಂದವರು ಮೆಹಂದಿಯವರು. ಹಳೇ ಊರು ಪಾತಬಸ್ತಿಯ ನಡುವಯಸ್ಸಿನ ಹೆಂಗಸು, ಜೊತೆಗೆ ಆಕೆಯ ನಾದಿನಿ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು, ಯಾವ ಮಹಡಿ ಎಂದು ಕೇಳಿದರು.

ಗೊತ್ತುಮಾಡಿದ್ದು ಸಣ್ಣ ಮೆಹಂದಿ. ಅಂಗೈಗೊಂದು ಚಂದ್ರ, ಬೆರಳ ತುದಿಗೆ ಬಣ್ಣ, ಸಂಜೆ ಹೊರಗೆ ತಿರುಗಲು ಅಡ್ಡಿಯಾಗದಂತೆ. ಆಕೆಯ ಬುಟ್ಟಿಯಲ್ಲಿದ್ದ ಕೋನುಗಳನ್ನು ನಾನು ನೋಡುತ್ತ ನಿಂತೆ. ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಒಂದನ್ನು ಚೆನ್ನಾಗಿ ಬಲ್ಲೆ: ಹಸಿ ಮೆಹಂದಿ ಹಚ್ಚಿಕೊಂಡು ಕೂತ ಮದುಮಗಳನ್ನು ಈ ಊರಿನಲ್ಲಿ ಯಾರೂ ಏಳು ಎನ್ನುವುದಿಲ್ಲ. ಹಿಂದೂಗಳಾಗಲಿ ಮುಸ್ಲಿಮರಾಗಲಿ, ಮದುಮಗಳ ಮೆಹಂದಿ ಕೆಡಿಸಿದ ಪಾಪ ಯಾರಿಗೂ ಬೇಡ. ಮನೆಗಳಲ್ಲಿ ಆ ಹೊತ್ತು ಅತ್ತೆಯೂ ಸೊಸೆಯ ಬಾಯಿಗೆ ತುತ್ತು ಇಡುತ್ತಾಳೆ.

ಮಹಡಿ ಇಲ್ಲ, ಇಲ್ಲೇ ಹಾಕು ಎಂದೆ. ಸಣ್ಣದು ಬೇಡ, ಪೂರಾ ಮದುವೆ ಮೆಹಂದಿ. ಎರಡೂ ಕೈಗೆ ಮೊಣಕೈ ತನಕ, ಕಾಲಿಗೂ ಹಾಕು, ಹಿಮ್ಮಡಿ ಬಿಡಬೇಡ. ಉಳಿದ ನಾಲ್ವರಿಗೂ ಎರಡೆರಡು ಕೈ ಎಂದು ನಾದಿನಿಗೆ ಹೇಳಿದೆ. ಆ ಹೆಂಗಸು ಲಾಬಿಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, ಏನಾಗಿದೆ ಎಂದು ಕೇಳಿದಳು. ಎರಡೇ ಮಾತಿನಲ್ಲಿ ಹೇಳಿದೆ. ಆಕೆ ಬುರ್ಖಾದ ತೋಳು ಮೇಲೇರಿಸಿ, ಸೋಫಾದ ಮುಂದೆ ನೆಲದ ಮೇಲೆ ಚಾಪೆ ಬಿಚ್ಚಿದಳು.

ಮ್ಯಾನೇಜರ್ ಬರುವಷ್ಟರಲ್ಲಿ ಎಡ ಅಂಗೈ ತುಂಬಿತ್ತು. ಇದು ಲಾಬಿ, ಇಲ್ಲಿ ಇದೆಲ್ಲ ಮಾಡುವಂತಿಲ್ಲ ಎಂದ. ಮೆಹಂದಿಯವಳು ತಲೆ ಎತ್ತದೆ ಮದುಮಗಳಿಗೆ "ಹಾತ್ ಹಿಲಾನಾ ನಕ್ಕೋ" ಎಂದಳು. ಕೈ ಅಲುಗಿಸಬೇಡ ಎಂದ ಆ ಮಾತು ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿತು. ಮ್ಯಾನೇಜರ್ ಸೆಕ್ಯುರಿಟಿಯವನನ್ನು ಕರೆದ. ಸೆಕ್ಯುರಿಟಿಯವನು ಬಂದು ನೋಡಿ, ಮದುಮಗಳು ಸಾರ್ ಎಂದಷ್ಟೇ ಹೇಳಿ ಬಾಗಿಲಿಗೆ ವಾಪಸು ಹೋದ. ಒಂದು ಗಂಟೆ ಬಿಟ್ಟು ಮತ್ತೆ ಬಂದು, ಚೀಲಗಳನ್ನಾದರೂ ಹೊರಗಿಡಿ ಎಂದ ಮ್ಯಾನೇಜರ್. ಯಾರು ಎತ್ತಬೇಕು? ಐವರ ಹತ್ತೂ ಕೈ ಹಸಿಯಾಗಿದ್ದವು. ನಾನು ಸೋಫಾದ ತುದಿಯಲ್ಲಿ ಕೂತು ಖಡಕ್ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಒಬ್ಬೊಬ್ಬರ ಬಾಯಿಗೆ ಇಡತೊಡಗಿದೆ. ರೊಟ್ಟಿಯ ಚೂರು ಅವನ ನೆಲಹಾಸಿನ ಮೇಲೆಲ್ಲ ಬಿತ್ತು. ಬೀಳಲಿ ಎಂದುಕೊಂಡೆ.

ಬಳ್ಳಿ, ಮಾವಿನಕಾಯಿ, ನವಿಲು ಎಂದು ಮೆಹಂದಿ ಮೊಣಕೈಯತ್ತ ಏರುತ್ತಿದ್ದ ಹಾಗೆ ಬಂದುಹೋಗುವವರು ನಿಂತು ನೋಡತೊಡಗಿದರು. ಲಿಫ್ಟಿನಿಂದ ಇಳಿದ ಹೆಂಗಸರು ಹತ್ತಿರ ಬಂದು ಮದುವೆ ಯಾವಾಗ ಎಂದು ಕೇಳಿದರು. ಇಲ್ಲೇ ಇಳಿದಿದ್ದೀರಾ ಎಂದು ಕೇಳಿದವರಿಗೆಲ್ಲ ವಿಜಯಪುರದ ಗೆಳತಿ ಇದ್ದ ಸಂಗತಿಯನ್ನು ಇದ್ದ ಹಾಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಕಾಲಿಗೆ ಹಚ್ಚುವ ಹೊತ್ತಿಗೆ ಮದುಮಗಳು ಮೊದಲ ಸಲ ನಕ್ಕಳು, ಕಚಗುಳಿಗೋ ಮತ್ತೆ ಯಾವುದಕ್ಕೋ. ಮೆಹಂದಿಯವಳು ಹತ್ತಿಯಲ್ಲಿ ನಿಂಬೆರಸ, ಸಕ್ಕರೆ ನೀರು ಅದ್ದಿ ಒತ್ತುತ್ತಿದ್ದಳು. ಬಣ್ಣ ಕಪ್ಪಾಗಲು ಎಲ್ಲರೂ ಮಾಡುವುದು ಅದು. ಅದರಿಂದ ಒಣಗುವುದೂ ತಡವಾಗುತ್ತದೆ. ಆ ದಿನ ಆಕೆ ಧಾರಾಳವಾಗಿಯೇ ಒತ್ತಿದಳು.

ಸಂಜೆ ಹೋಟೆಲಿನ ಪಾರ್ಟಿ ಹಾಲಿನಲ್ಲಿ ಯಾರದೋ ರಿಸೆಪ್ಷನ್ ಇತ್ತು. ರೇಷ್ಮೆ ಸೀರೆಯ ತೆಲುಗು ಹೆಂಗಸರ ಗುಂಪು ಬಾಗಿಲಲ್ಲಿ ಇಳಿಯಿತು. ಮುಂದೆ ಬರುತ್ತಿದ್ದ ಹಿರಿಯಾಕೆ, ಮನೆಯ ಯಜಮಾನಿಯಿರಬೇಕು, ಮದುಮಗಳನ್ನು ಕಂಡು ನಿಂತರು. ವಿಷಯ ಕೇಳಿಸಿಕೊಂಡರು. ಆಮೇಲೆ ಕೌಂಟರಿನ ಕಡೆ ತಿರುಗಿ, "ಪೆಂಡ್ಲಿಪಿಲ್ಲನು ಗಿಟ್ಲ ಕೂಸೋಬೆಟ್ಟಿಂಡ್ರೇಂದಿ?" ಎಂದರು. ಮದುವೆಯ ಹುಡುಗಿಯನ್ನು ಹೀಗೆ ಹಾದಿಯಲ್ಲಿ ಕೂರಿಸುತ್ತಾರೆಯೇ, ಇವಳ ನಿಟ್ಟುಸಿರು ತಗುಲಿದ ಹಾಲಿನಲ್ಲಿ ನನ್ನ ಮಗನ ಹೆಂಡತಿ ಕೂರಬೇಕೇ ಎಂದು ಅವರು ಕೇಳಿದ್ದು ಅವರ ಹಿಂದಿನ ಗುಂಪಿಗೂ ಕೇಳಿಸಿತು. ನಾನು ಕಾನೂನು ಕೇಳಿದಾಗ ಕದಲದ ಮ್ಯಾನೇಜರ್, ಈಗ ಫೋನು ಹಿಡಿದು ಒಳಗೆ ಓಡಿದ.

ನನಗೆ ಇದರಿಂದ ಖುಷಿಯಾಯಿತು ಎಂದರೆ ಸುಳ್ಳು. ಈ ಊರಿನ ಹೆಣ್ಣುಮಗಳು, ಸ್ವಂತ ದುಡಿಮೆಯವಳು, ಸರಿಯಾದ ಕಾರ್ಡು ಹಿಡಿದು ಬಂದಾಗ ಸಿಗದ ಕೋಣೆ, ಮದುಮಗಳ ನಿಟ್ಟುಸಿರಿನ ಭಯಕ್ಕೆ ಸಿಗುತ್ತಿತ್ತು. ನಾಳೆ ಆಕೆ ಮದುಮಗಳಲ್ಲದೆ ಬರೀ ಹೆಂಗಸಾಗಿ ಬಂದರೆ ಮತ್ತೆ ಅದೇ ಇಸ್ತ್ರಿ ನಗು. ಅದನ್ನು ನೆನೆದರೆ ಇವತ್ತಿಗೂ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತದೆ.

ಮ್ಯಾನೇಜರ್ ಹೊರಗೆ ಬಂದಾಗ ಒಂದು ಕೈಯಲ್ಲಿ ಎರಡು ಕೋಣೆಗಳ ಕೀಲಿ, ಇನ್ನೊಂದರಲ್ಲಿ ರಿಜಿಸ್ಟರು. ಡ್ರೈವರು ಬರೆದಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು. ಮಾಲೀಕರು ಒಪ್ಪಿದ್ದಾರೆ, ಯಾರ ಸಹಿಯೂ ಬೇಡ, ಮೇಡಂ ಅವರದೇ ಸಾಕು ಎಂದ. ರಿಸೆಪ್ಷನ್ನಿನ ನೆಂಟರು ಬರುತ್ತಿದ್ದಾರೆ, ಬೇಗ ಹಾಕಿಬಿಟ್ಟರೆ ಸಾಮಾನು ಮೇಲೆ ಕಳಿಸುತ್ತೇನೆ ಎಂದು ಪೆನ್ನು ಬಿಚ್ಚಿ ಮದುಮಗಳ ಮುಂದೆ ಹಿಡಿದ.

ಆಕೆ ಎರಡೂ ಕೈಗಳನ್ನು ಮುಖದ ಹತ್ತಿರ ತಂದು, ಲ್ಯಾಬಿನಲ್ಲಿ ಸ್ಲೈಡು ನೋಡುವವಳ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಮೆಹಂದಿ ಒಣಗಿ ಆಗಲೇ ಬಹಳ ಹೊತ್ತಾಗಿತ್ತು. ಮೊಣಕೈಯ ಕಡೆಯಿಂದ ಹಕ್ಕಳೆ ಎದ್ದು ಮಡಿಲಿಗೆ ಉದುರುತ್ತಿತ್ತು. ನನಗದು ಕಾಣುತ್ತಿತ್ತು, ಗೆಳತಿಯರಿಗೂ ಕಾಣುತ್ತಿತ್ತು. ಮೆಹಂದಿಯವಳು ತನ್ನ ಕೋನುಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು.

ಮದುಮಗಳು ಅಂಗೈಗೆ ಒಂದು ಸಲ ಉಫ್ ಎಂದು ಊದಿಕೊಂಡಳು. ಇನ್ನೂ ಹಸಿ ಇದೆ, ಸ್ವಲ್ಪ ನಿಲ್ಲಿ ಎಂದು ಅವನಿಗೆ ಹಿಂದಿಯಲ್ಲಿ ಹೇಳಿ, ಸೋಫಾಕ್ಕೆ ಒರಗಿ, ಕಾಲು ನೀಡಿ ಕೂತಳು.

ಆತ ರಿಜಿಸ್ಟರು ಹಿಡಿದುಕೊಂಡು ನಿಂತ.